ಅಕ್ಕನ ಮಗಳ ರಿಪೋರ್ಟಿನಲ್ಲಿ ‘ವೃಷಣದ ಜೀನು’! ಹುಡುಗಿಗೆ ಇದು ಎಲ್ಲಿಂದ ಬಂತು ಮಾರಾಯ್ರೇ?

ನೀರ್ಚಾಲು_ಮಾಮ
ಎಲ್ಲರಿಗೂ ನಮಸ್ಕಾರ. ಅಡಿಕೆ ರೇಟು, ರಾತ್ರಿಯ ಬಯಲಾಟ, ಕೊನೆಯ ಬಸ್ಸು, ಇಷ್ಟನ್ನೇ ಇಲ್ಲಿ ಕೇಳುತ್ತಾ ಇದ್ದವ ನಾನು. ಇವತ್ತಿನದು ಬೇರೆ.

ಅಕ್ಕನ ಮಗಳಿಗೆ 24 ವರ್ಷ. ಎಡಗಾಲಿನ ಮೊಣಗಂಟಿನ ಹಿಂದೆ ಒಂದು ಗಂಟು. ಒಂದೂವರೆ ವರ್ಷದ ಹಿಂದೆ ನೆಲ್ಲಿಕಾಯಿಯಷ್ಟಿತ್ತು, ನೋವೂ ಇರಲಿಲ್ಲ. ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ‘ನೀರು ನಿಂತದ್ದು, ತನ್ನಷ್ಟಕ್ಕೇ ಇಳೀತದೆ’ ಹೇಳಿದ್ರು. ಅಕ್ಕ ದಿನಾ ಸಂಜೆ ಕೊಟ್ಟಂಚುಕ್ಕಾದಿ ಎಣ್ಣೆ ತಿಕ್ಕಿದಳು. ನೆಲ್ಲಿಕಾಯಿ ಹೋಗಿ ದೊಡ್ಡ ನಿಂಬೆಹುಳಿ ಆಯ್ತು. ಆಮೇಲೆ ನಾನು ಕಾರಿನಲ್ಲಿ ಕೂರಿಸಿಕೊಂಡು ಸೀದಾ ಮಂಗಳೂರಿಗೆ ಹೋದೆ. ಎಂಆರ್‌ಐ, ಬಯೋಪ್ಸಿ, ಮತ್ತೆ ಫಿಶ್ ಅಂತ ಜೀನು ನೋಡುವ ಒಂದು ಟೆಸ್ಟ್. (ಅಮ್ಮ ಫೋನಿನಲ್ಲಿ ‘ನಾವು ಮೀನು ಮುಟ್ಟುವವರಲ್ಲ ಅಂತ ಡಾಕ್ಟ್ರಿಗೆ ಹೇಳಿದ್ದೀಯಾ?’ ಅಂತ ಕೇಳಿದ್ರು. ಆ ದಿನ ನಾವು ನಕ್ಕದ್ದು ಅದೊಂದಕ್ಕೆ.)

ರಿಪೋರ್ಟಿನಲ್ಲಿ ಸೈನೋವಿಯಲ್ ಸಾರ್ಕೋಮಾ ಅಂತ ಉಂಟು, ಒಂದು ಬಗೆಯ ಕ್ಯಾನ್ಸರ್. ಕೆಳಗೆ ಸಣ್ಣ ಅಕ್ಷರದಲ್ಲಿ ‘ಎಸ್‌ಎಸ್18 ಜೀನು ಒಡೆದಿದೆ, ಎಸ್‌ಎಸ್‌ಎಕ್ಸ್ ಜತೆ ಕೂಡಿಕೊಂಡದ್ದಕ್ಕೆ ಹೊಂದುತ್ತದೆ’ ಅಂತ. ರಾತ್ರಿ ಕೂತು ಹುಡುಕಿದೆ. ಎಸ್‌ಎಸ್‌ಎಕ್ಸ್ ಅಂದರೆ ಸಾಧಾರಣವಾಗಿ ಗಂಡಸರ ವೃಷಣದಲ್ಲಿ ಮಾತ್ರ ಕೆಲಸ ಮಾಡುವ ಜೀನು ಅಂತೆ! ಅದನ್ನು ಮನೆಯಲ್ಲಿ ಬಾಯಿಬಿಟ್ಟದ್ದು ನನ್ನ ತಪ್ಪು. ಈಗ ಭಾವನ ಕಡೆಯವರು ‘ಹುಡುಗಿಯ ಮೈಯಲ್ಲಿ ಗಂಡಿನ ಜೀನು ಉಂಟಂತೆ’ ಅಂತ ಶುರು ಮಾಡಿದ್ದಾರೆ. ಮೊನ್ನೆವರೆಗೆ ಇವಳ ಜಾತಕ ನಾಲ್ಕು ಮನೆಗೆ ಹೋಗಿತ್ತು, ಗೊತ್ತುಂಟಲ್ಲ.

ನನ್ನ ಪ್ರಶ್ನೆ ಇಷ್ಟೆ. ವೃಷಣದ್ದು ಹುಡುಗಿಯ ಕಾಲಿಗೆ ಹೇಗೆ ಬಂತು? ತಿಳಿದವರು ಹೇಳಿ. ರಿಪೋರ್ಟಿನ ಫೋಟೋ ಹಾಕಿದ್ದೇನೆ.

ಉಪ್ಪಳ_ಗೇಟ್
ಅಣ್ಣ, ಮೊದಲು ಆ ಫೋಟೋ ತೆಗೀರಿ. ಹೆಸರು, ಫೋನ್ ನಂಬರ್ ಎಲ್ಲ ಕಾಣ್ತದೆ.

ನೀರ್ಚಾಲು_ಮಾಮ
ಅಯ್ಯೋ, ತೆಗೆದೆ. ಥ್ಯಾಂಕ್ಸ್.

ಕುಂಬಳೆ_ಕಿಟ್ಟ
ಸ್ಯಾಂಪಲ್ ಬದಲಾಗಿರಬೇಕು. ಯಾರೋ ಗಂಡಸಿನದ್ದು ಇವಳ ಹೆಸರಿಗೆ ಬಂದಿರಬೇಕು. ಇನ್ನೊಂದು ಕಡೆ ಟೆಸ್ಟ್ ಮಾಡಿಸಿ.

ಪೆರ್ಲದ_ಮಾಷ್ಟ್ರು
ಕಿಟ್ಟ, ಹಾಗೆಲ್ಲ ಹೇಳಿ ಹೆದರಿಸಬೇಡ. ಸ್ಯಾಂಪಲ್ ಬದಲಾಗಬೇಕಾದ ಅಗತ್ಯವೇ ಇಲ್ಲ. 31 ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡಿದವ ನಾನು, ಒಂದು ಮಾತು ಹೇಳ್ತೇನೆ.

ನಮ್ಮ ಮೈಯ ಹೆಚ್ಚುಕಮ್ಮಿ ಎಲ್ಲ ಜೀವಕೋಶದಲ್ಲೂ ಒಂದೇ ಪುಸ್ತಕ ಇರುವುದು. ಕಣ್ಣಿನ ಕೋಶದಲ್ಲೂ ಅದೇ, ಕಾಲಿನ ಸ್ನಾಯುವಿನಲ್ಲೂ ಅದೇ. ಕಣ್ಣು ತನಗೆ ಬೇಕಾದ ಪುಟ ತೆರೆದಿಟ್ಟು ಉಳಿದದ್ದನ್ನು ಮುಚ್ಚಿಡುತ್ತದೆ. ‘ವೃಷಣದ ಜೀನು’ ಅಂದರೆ ವೃಷಣದಲ್ಲಿ ಮಾತ್ರ ಇರುವ ಜೀನು ಅಂತಲ್ಲ, ಅಲ್ಲಿ ಮಾತ್ರ ತೆರೆಯುವ ಪುಟ ಅಂತ. ಪುಟ ನಿಮ್ಮ ಅಕ್ಕನ ಮಗಳಲ್ಲೂ ಉಂಟು, ನನ್ನ ಹೆಂಡತಿಯಲ್ಲೂ ಉಂಟು, ಮಾತಾಡಿದ ಆ ಭಾವನ ಕಡೆಯ ಹೆಂಗಸಿನಲ್ಲೂ ಉಂಟು.

ದೈವದ ಭಂಡಾರ ಇದ್ದ ಹಾಗೆ ಅಂತ ಇಟ್ಟುಕೊಳ್ಳಿ. ಕತ್ತಿ, ಗಗ್ಗರ, ಮೊಗ ಎಲ್ಲ ಭಂಡಾರದ ಕೋಣೆಯಲ್ಲೇ ಇರುವುದು, ಬೀಗ ಹಾಕಿ. ನೇಮದ ದಿನ ಮಾತ್ರ ಹೊರಗೆ ಬರ್ತದೆ, ಕಟ್ಟುವವರು ಕಟ್ತಾರೆ, ಮುಗಿದ ಮೇಲೆ ಪುನಃ ಒಳಗೆ. ಅದೇ ಕತ್ತಿ ಒಂದು ಶುಕ್ರವಾರ ಮಧ್ಯಾಹ್ನ ಸಂತೆಯಲ್ಲಿ ಯಾರದೋ ಕೈಯಲ್ಲಿ ಕಂಡರೆ? ಕತ್ತಿಯದ್ದೇನೂ ತಪ್ಪಿಲ್ಲ. ಬೀಗ ಒಡೆದದ್ದು.

ಕಟ್ಟೆ_ಪಂಚಾಯ್ತಿ
ಮಾಷ್ಟ್ರೇ, ದೈವವನ್ನು ಕ್ಯಾನ್ಸರಿಗೆ ಹೋಲಿಸಬೇಕಾ? ನಿಮಗೆ ಬೇರೆ ಉದಾಹರಣೆ ಸಿಗಲಿಲ್ಲವಾ?

ಪೆರ್ಲದ_ಮಾಷ್ಟ್ರು
ದೈವವನ್ನು ಅಲ್ಲ, ಬೀಗವನ್ನು ಹೋಲಿಸಿದ್ದು. ನಿಧಾನಕ್ಕೆ ಓದಿ.

ಸ್ಲೈಡ್_ಅಕ್ಕ
ಮಾಷ್ಟ್ರು ಹೇಳಿದ್ದು ಮುಕ್ಕಾಲು ಸರಿ, ಕಾಲು ಭಾಗ ಈ ಹುಡುಗಿಯ ವಿಷಯದಲ್ಲಿ ತಪ್ಪು. ನಾನು ಪೆಥಾಲಜಿ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಊರು ಮುಳ್ಳೇರಿಯ, ಈಗ ಮಂಗಳೂರಿನಲ್ಲಿರುವುದು. ಇಂಥ ಸ್ಲೈಡುಗಳನ್ನು ನೋಡಿದ್ದೇನೆ.

ಮೊದಲು ಒಂದು ವಿಷಯ. ಎಸ್‌ಎಸ್‌ಎಕ್ಸ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ, ವೈನಲ್ಲಿ ಅಲ್ಲವೇ ಅಲ್ಲ. ಹೆಂಗಸಿಗೆ ಎಕ್ಸ್ ಎರಡು, ಗಂಡಸಿಗೆ ಒಂದೇ. ಹಾಗಾಗಿ ‘ಗಂಡಿನ ಜೀನು’ ಅನ್ನುವವರಿಗೆ ಅಷ್ಟು ಹೇಳಿ ಸಾಕು. ಈ ಜಾತಿಯ ಜೀನುಗಳಿಗೆ ‘ಕ್ಯಾನ್ಸರ್-ಟೆಸ್ಟಿಸ್’ ಜೀನು ಅಂತಲೇ ಹೆಸರು, ಅವುಗಳಲ್ಲಿ ಬಹಳಷ್ಟು ಎಕ್ಸ್‌ನಲ್ಲೇ ಗುಂಪುಗುಂಪಾಗಿ ಕೂತಿವೆ. 2005ರಲ್ಲಿ ಎಕ್ಸ್ ಕ್ರೋಮೋಸೋಮನ್ನು ಪೂರ್ತಿ ಓದಿದಾಗ, ಅದರ ಜೀನುಗಳಲ್ಲಿ ಸುಮಾರು ಹತ್ತಕ್ಕೆ ಒಂದು ಈ ಬಗೆಯದ್ದು ಅಂತ ಕಂಡಿತು.

ಈಗ ಬೀಗದ ವಿಷಯ. ಶ್ವಾಸಕೋಶ, ಚರ್ಮದ ಮೆಲನೋಮಾ, ಅಂಡಾಶಯ, ಬಾಯಿ, ಇಂಥ ಕ್ಯಾನ್ಸರುಗಳಲ್ಲಿ ಮಾಷ್ಟ್ರು ಹೇಳಿದ್ದೇ ನಡೆಯುವುದು. ಡಿಎನ್‌ಎ ಮೇಲೆ ಮೀಥೈಲ್ ಅನ್ನುವ ಸಣ್ಣ ಸಣ್ಣ ಮುದ್ರೆ ಕೂತು ಆ ಜೀನುಗಳು ಬಂದಾಗಿರ್ತವೆ, ಕ್ಯಾನ್ಸರ್ ಕೋಶದಲ್ಲಿ ಮುದ್ರೆ ಅಳಿಸಿಹೋಗಿ ತೆರೆದುಕೊಳ್ತವೆ. ಆದರೆ ಇವಳಲ್ಲಿ ಬೀಗ ಒಡೆದದ್ದಲ್ಲ, ಗೋಡೆಯೇ ಒಡೆದದ್ದು. 18ನೇ ಕ್ರೋಮೋಸೋಮಿನ ಒಂದು ತುಂಡೂ ಎಕ್ಸ್‌ನ ಒಂದು ತುಂಡೂ ಮುರಿದು ಅದಲುಬದಲಾಗಿ ಅಂಟಿಕೊಂಡಿವೆ. 18ರಲ್ಲಿರುವ ಎಸ್‌ಎಸ್18 ಎಲ್ಲ ಕೋಶಗಳಲ್ಲೂ ಹಗಲಿರುಳು ಕೆಲಸ ಮಾಡುವ ಜೀನು, ಅದರ ಸ್ವಿಚ್ಚು ಯಾವಾಗಲೂ ಆನ್. ಅದರ ಬಾಲಕ್ಕೆ ಎಸ್‌ಎಸ್‌ಎಕ್ಸ್ ಅಂಟಿದರೆ ಎಸ್‌ಎಸ್‌ಎಕ್ಸ್ ತಾನಾಗಿ ಬೀಗ ತೆರೆಯಬೇಕಂತಿಲ್ಲ, ಪಕ್ಕದವನ ಸ್ವಿಚ್ಚಿನಲ್ಲೇ ಉರೀತದೆ. ನೆರೆಮನೆಯ ಲೈನಿನಿಂದ ಕರೆಂಟು ಎಳೆದ ಹಾಗೆ.

ಎಸ್‌ಎಸ್18 ಕೊನೆಯ 8 ಅಮೈನೋ ಆಮ್ಲ ಕಳಕೊಳ್ತದೆ, ಎಸ್‌ಎಸ್‌ಎಕ್ಸ್‌ನ 78 ಬಂದು ಅಂಟಿಕೊಳ್ತವೆ. ಅಷ್ಟೇ ಬದಲಾವಣೆ. ಯಾವ ಜೀನು ತೆರೆಯಬೇಕು ಅಂತ ನೋಡುವ ಒಂದು ದೊಡ್ಡ ತಂಡದಲ್ಲಿ ಎಸ್‌ಎಸ್18 ಒಬ್ಬ ಸದಸ್ಯ. ಈ 78ರ ಬಾಲ ಇಡೀ ತಂಡವನ್ನೇ ಹೋಗಬಾರದ ಜಾಗಕ್ಕೆ ಎಳಕೊಂಡು ಹೋಗಿ, ಮುಚ್ಚಿರಬೇಕಾದ ಜೀನುಗಳನ್ನು ತೆರೆಸ್ತದೆ. ಕಾಯಿಲೆ ಅಲ್ಲಿಂದ ಶುರು. ಸೈನೋವಿಯಲ್ ಸಾರ್ಕೋಮಾದಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಜನರಲ್ಲಿ ಈ ಅಂಟು ಸಿಗುತ್ತದೆ, ಅದಕ್ಕೇ ಟೆಸ್ಟ್ ಮಾಡುವುದು.

ಅಂದ ಹಾಗೆ, ಹೆಸರು ನೋಡಿ ಕೀಲಿನ ಪೊರೆಯ ಕ್ಯಾನ್ಸರ್ ಅಂದುಕೊಳ್ಳಬೇಡಿ. ಕೀಲಿನ ಹತ್ತಿರ ಬರ್ತದೆ, ಮೈಕ್ರೋಸ್ಕೋಪಿನಲ್ಲಿ ಹಾಗೆ ಕಾಣ್ತದೆ ಅಂತ ಹಿಂದಿನವರು ಇಟ್ಟ ಹೆಸರು, ಹಾಗೇ ಉಳಿಯಿತು. ನಿಧಾನಕ್ಕೆ ಬೆಳೆಯುವುದರಿಂದ, ನೋವಿಲ್ಲದ್ದರಿಂದ ಎಲ್ಲರೂ ಮೋಸ ಹೋಗುವುದು. ಎಣ್ಣೆ ತಿಕ್ಕಿದ್ದಕ್ಕೆ ನಿಮ್ಮ ಅಕ್ಕನನ್ನು ಯಾರೂ ಬೈಯಬೇಡಿ.

ನೀರ್ಚಾಲು_ಮಾಮ
ಅಕ್ಕ, ನಿಮಗೆ ಎಷ್ಟು ಹೇಳಿದರೂ ಕಮ್ಮಿ. ನೆರೆಮನೆಯ ಕರೆಂಟು ಈಗ ತಲೆಗೆ ಹೋಯ್ತು. ಇನ್ನೊಂದು ಪ್ರಶ್ನೆ. ಇದು ವಂಶದ್ದಾ? ಇವಳಿಗೊಬ್ಬಳು ತಂಗಿ ಇದ್ದಾಳೆ.

ಸ್ಲೈಡ್_ಅಕ್ಕ
ಅಲ್ಲ. ಆ ಮುರಿತ ಆದದ್ದು ಕಾಲಿನ ಒಂದು ಕೋಶದಲ್ಲಿ, ಹುಟ್ಟಿದ ಮೇಲೆ. ಇವಳ ರಕ್ತದಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ, ಗಂಟಿನಲ್ಲಿ ಮಾತ್ರ. ತಂಗಿಗೂ ಸಂಬಂಧ ಇಲ್ಲ, ನಾಳೆ ಇವಳಿಗೆ ಹುಟ್ಟುವ ಮಕ್ಕಳಿಗೂ ಇಲ್ಲ.

ಪಡ್ರೆ_ಗುಡ್ಡೆ
ಎಲ್ಲರೂ ಏನೇನೋ ಹೇಳ್ತಾ ಇದ್ದೀರಿ, ಒಬ್ಬರಾದರೂ ಎಂಡೋಸಲ್ಫಾನ್ ಅಂದಿರಾ? ಗೇರುತೋಟದ ಮೇಲೆ ಹೆಲಿಕಾಪ್ಟರ್ ಬಂದು ಮದ್ದು ಬಿಡುವಾಗ ನಾನು ಆರನೇ ಕ್ಲಾಸು. ಸದ್ದು ಕೇಳಿದ ಕೂಡಲೇ ಅಜ್ಜಿ ಬಾವಿಗೆ ಮಡಲು ಮುಚ್ಚಲಿಕ್ಕೆ ಓಡುತ್ತಿದ್ದರು. ಸುರಂಗದ ನೀರಿಗೆ ಎಂತ ಮುಚ್ಚುವುದು? ಗುಡ್ಡೆಯ ಮೇಲೆ ಬಿದ್ದದ್ದು ಒಳಗೆ ಇಳಿಯದೆ ಇರ್ತದಾ? ನಮ್ಮ ಊರಿನ ಹುಡುಗರನ್ನು ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯವರು ಬಂದು ಪರೀಕ್ಷೆ ಮಾಡಿ, ಗಂಡುಮಕ್ಕಳು ಪ್ರಾಯಕ್ಕೆ ಬರುವುದು ತಡ ಆಗಿದೆ ಅಂತ 2003ರಲ್ಲಿ ಪ್ರಕಟಿಸಿದ್ದಾರೆ. ವೃಷಣಕ್ಕೂ ವಿಷಕ್ಕೂ ಸಂಬಂಧ ಇಲ್ಲ ಅಂತ ಯಾರೂ ನನಗೆ ಹೇಳಬೇಡಿ.

ಲ್ಯಾಬಿನ_ಬಾಣಲೆ
ಅಣ್ಣ, ನಿಮ್ಮ ಸಿಟ್ಟು ನ್ಯಾಯದ್ದೇ. ಆದರೆ ಎರಡು ಬೇರೆ ಬೇರೆ ವಿಷಯ ಒಂದೇ ಗೋಣಿಗೆ ತುಂಬಬೇಡಿ. ಆ ಅಧ್ಯಯನ ಹೇಳುವುದು ಹುಡುಗರ ಬೆಳವಣಿಗೆ, ಹಾರ್ಮೋನಿನ ಬಗ್ಗೆ. ಇಲ್ಲಿ ನಡೆದದ್ದು ಕಾಲಿನ ಒಂದು ಕೋಶದ ಕ್ರೋಮೋಸೋಮ್ ಮುರಿದದ್ದು. ಎರಡರಲ್ಲೂ ‘ವೃಷಣ’ ಅನ್ನುವ ಶಬ್ದ ಬಂದ ಮಾತ್ರಕ್ಕೆ ನಂಟು ಆಗುವುದಿಲ್ಲ. ಮದ್ದು ಬಿಡುವುದು 2000ಕ್ಕೇ ನಿಂತಿತು, ನೀರ್ಚಾಲಿನ ಹುಡುಗಿ ಆಗ ಹುಟ್ಟಿರಲೂ ಇಲ್ಲ.

ಪಡ್ರೆ_ಗುಡ್ಡೆ
ನಿಂತದ್ದು ಮದ್ದು. ಮಣ್ಣು ಎಲ್ಲಿಗೆ ಹೋಯ್ತು? ಎಲ್ಲದಕ್ಕೂ ‘ನಂಟು ಇಲ್ಲ, ನಂಟು ಇಲ್ಲ’ ಅಂತ ಕೇಳಿ ಕೇಳಿಯೇ ನಮಗೆ ಸುಪ್ರೀಂ ಕೋರ್ಟಿನ ನಿಷೇಧ ಸಿಗಲಿಕ್ಕೆ 2011 ಆಯ್ತು ಮಾರಾಯ.

ಸ್ಲೈಡ್_ಅಕ್ಕ
ಪಡ್ರೆಯ ಅಣ್ಣ, ಆ ಹೋರಾಟದಲ್ಲಿ ನನ್ನ ದೊಡ್ಡಪ್ಪನೂ ಇದ್ದರು. ಅದಕ್ಕೇ ಹೇಳುವುದು. ಸೈನೋವಿಯಲ್ ಸಾರ್ಕೋಮಾ ಇಂಥದ್ದರಿಂದಲೇ ಬರ್ತದೆ ಅಂತ ಯಾವುದನ್ನೂ ಬೊಟ್ಟು ಮಾಡಿ ತೋರಿಸಿದವರಿಲ್ಲ, ಗೇರುಮರ ನೋಡದ ದೇಶಗಳಲ್ಲೂ ಬರ್ತದೆ. ಇದನ್ನೂ ಆ ಪಟ್ಟಿಗೆ ಸೇರಿಸಿದರೆ, ನಾಳೆ ಇದು ಸುಳ್ಳು ಅಂತ ತೋರಿಸಿ ನಿಜವಾದದ್ದನ್ನೂ ಹೊಡೆದುಹಾಕ್ತಾರೆ.

ಪಡ್ರೆ_ಗುಡ್ಡೆ
ಅದೊಂದು ಮಾತು ಒಪ್ಪುವಂಥದ್ದು. ಉಳಿದದ್ದು ಆಮೇಲೆ ನೋಡುವ.

ಕುಂಬಳೆ_ಕಿಟ್ಟ
ಸರಿ, ನನಗೊಂದು ಅರ್ಥ ಆಗುವುದಿಲ್ಲ. ವೃಷಣದ ಜೀನು ತೆರೆದರೆ ಕ್ಯಾನ್ಸರಿಗೆ ಎಂತ ಲಾಭ? ಗಂಟಿಗೆ ವೀರ್ಯ ಮಾಡಲಿಕ್ಕುಂಟಾ?

ಲ್ಯಾಬಿನ_ಬಾಣಲೆ
ಕಿಟ್ಟಣ್ಣ, ನಗೆಗೆ ಕೇಳಿದರೂ ಪ್ರಶ್ನೆ ಸರಿಯಾದದ್ದು. ನನ್ನ ಪಿಎಚ್‌ಡಿ ಇದೇ ದಿಕ್ಕಿನದ್ದು, ಹಾಗಾಗಿ ಸ್ವಲ್ಪ ಉದ್ದ ಆಗ್ತದೆ. ಚಹಾ ಇಟ್ಟುಕೊಳ್ಳಿ.

ವೀರ್ಯಾಣು ತಯಾರಾಗುವ ಜಾಗ ಎಂಥದ್ದು ನೋಡಿ. ಅಲ್ಲಿ ಕೋಶ ಎಡೆಬಿಡದೆ ಇಬ್ಭಾಗ ಆಗ್ತಾ ಇರ್ತದೆ, ದಿನಕ್ಕೆ ಕೋಟಿಗಟ್ಟಲೆ. ಅರ್ಧ ದಾರಿಯಲ್ಲಿ ತನ್ನ ಡಿಎನ್‌ಎಯನ್ನು ತಾನೇ ಬೇಕಂತಲೇ ಕಡಿದು, ತಂದೆತಾಯಿಯ ತುಂಡುಗಳನ್ನು ಅದಲುಬದಲು ಮಾಡಿ ಪುನಃ ಹೊಲೀತದೆ. ರಕ್ತನಾಳದಿಂದ ದೂರ, ಆಮ್ಲಜನಕ ಕಮ್ಮಿ. ಕೊನೆಗೆ ಬಾಲ ಬಂದು ಈಜಿಕೊಂಡು ಹೊರಡ್ತದೆ. ಬೇಗ ಹೆಚ್ಚುವುದು, ಕಡಿದರೂ ಸಾಯದಿರುವುದು, ಉಸಿರಿಲ್ಲದೆ ಬದುಕುವುದು, ಜಾಗ ಬಿಟ್ಟು ಹೊರಡುವುದು. ಕ್ಯಾನ್ಸರಿಗೆ ಬೇಕಾದದ್ದು ಇದೇ ಅಲ್ಲವಾ? ಹೊಸತು ಕಲಿಯುವ ಅಗತ್ಯ ಇಲ್ಲ, ಮನೆಯೊಳಗೇ ಬರೆದಿಟ್ಟ ಪಾಠ ಉಂಟು.

ಒಂದು ಉದಾಹರಣೆ ಹತ್ತಿರದಿಂದ ನೋಡುವ. ಕೋಶದಲ್ಲಿ ಎಎಂಪಿಕೆ ಅಂತ ಒಂದು ಪ್ರೋಟೀನು. ಮನೆಯಲ್ಲಿ ಅಕ್ಕಿ ಡಬ್ಬ ನೋಡಿ ‘ಇನ್ನು ಎರಡೇ ದಿನಕ್ಕೆ ಉಂಟು, ಕಮ್ಮಿ ಬೇಯಿಸಿ’ ಅನ್ನುವ ಅಜ್ಜಿಯ ಕೆಲಸ ಅದರದ್ದು. ಶಕ್ತಿ ಕಮ್ಮಿಯಾದರೆ ಬೆಳವಣಿಗೆ ನಿಲ್ಲಿಸ್ತದೆ. ಮೇಜ್-ಎ3, ಮೇಜ್-ಎ6 ಅಂತ ಎರಡು ವೃಷಣದ ಜೀನುಗಳು ಕ್ಯಾನ್ಸರಿನಲ್ಲಿ ತೆರೆದುಕೊಂಡರೆ, ಟ್ರಿಮ್28 ಅನ್ನುವ ಇನ್ನೊಂದು ಪ್ರೋಟೀನಿನ ಜತೆ ಸೇರಿ ಈ ಎಎಂಪಿಕೆಗೇ ‘ಕಸ’ ಅಂತ ಚೀಟಿ ಅಂಟಿಸಿ ಬಿಸಾಡಿಸ್ತವೆ. ಇದು 2015ರಲ್ಲಿ ಗೊತ್ತಾದದ್ದು. ಅಜ್ಜಿಯೇ ಇಲ್ಲದ ಮನೆ, ಡಬ್ಬ ಖಾಲಿ ಆದರೂ ಗಂಟು ಬೆಳೀತಾ ಇರ್ತದೆ.

ಹಾಗಾದರೆ ವೃಷಣಕ್ಕೆ ಇಂಥ ಜೀನು ಯಾಕೆ ಬೇಕಿತ್ತು? 2019ರಲ್ಲಿ ಇಲಿಗಳಲ್ಲಿ ನೋಡಿದರು. ಮೇಜ್-ಎ ಜೀನುಗಳನ್ನು ತೆಗೆದ ಇಲಿಗಳು ಹೊಟ್ಟೆತುಂಬ ತಿಂದುಕೊಂಡಿದ್ದಾಗ ಹಾಯಾಗಿಯೇ ಇದ್ದವು. ಉಪವಾಸ ಹಾಕಿದಾಗ ಅವುಗಳ ವೃಷಣಕ್ಕೆ ಪೆಟ್ಟು ಹೆಚ್ಚಾಯ್ತು. ಅಂದರೆ ಬರಗಾಲದಲ್ಲಿ ಬೀಜ ಕಾಯುವ ಜೀನು ಅದು. ನಮ್ಮಲ್ಲಿ ಬಿತ್ತಿನ ಮುಡಿ ಕಟ್ಟಿ ಅಟ್ಟದಲ್ಲಿ ಬೇರೆಯೇ ಇಡ್ತಿದ್ದರಲ್ಲ, ಆಟಿ ತಿಂಗಳಲ್ಲಿ ಮನೆಯವರೆಲ್ಲ ಹಲಸಿನ ಬೀಜ ಬೇಯಿಸಿ ತಿಂದರೂ ಆ ಮುಡಿ ಬಿಚ್ಚುತ್ತಿರಲಿಲ್ಲ. ಕ್ಯಾನ್ಸರ್ ಆ ಮುಡಿಗೇ ಕೈ ಹಾಕುವುದು.

ಇನ್ನೂ ಉಂಟು. ವೀರ್ಯಾಣುವಿನ ಕಾಕ್ಸ್6ಬಿ2 ಅನ್ನುವುದು ಕೆಲವು ಶ್ವಾಸಕೋಶದ ಗಡ್ಡೆಗಳಲ್ಲಿ ತೆರೆದು, ಆಮ್ಲಜನಕ ಕಮ್ಮಿಯಿದ್ದರೂ ಶಕ್ತಿ ತಯಾರಾಗುವ ಹಾಗೆ ಮಾಡ್ತದೆ. ಡಿಎನ್‌ಎ ಕಡಿದು ಹೊಲಿಯುವ ಹೊತ್ತಿಗೆ ಬೇಕಾಗುವ ಹಾರ್ಮ್ಯಾಡ್1, ಸ್ತನ ಕ್ಯಾನ್ಸರಿನ ಒಂದು ಕಠಿಣ ಬಗೆಯಲ್ಲಿ ತಪ್ಪು ಜಾಗದಲ್ಲಿ ಎದ್ದು ಹೊಲಿಗೆ ಕೆಡಿಸ್ತದೆ.

ಮಂಜೇಶ್ವರ_ಮೇಲ್
ಬಿತ್ತಿನ ಮುಡಿ ಅಂದ ಕೂಡಲೇ ಅಜ್ಜನ ಮನೆಯ ಅಟ್ಟದ ವಾಸನೆ ಬಂತು. ಈಗ ಗದ್ದೆಯೇ ಇಲ್ಲ, ಎಲ್ಲ ಅಡಿಕೆ.

ತರ್ಕಶಾಸ್ತ್ರಿ_ಬೋವಿಕ್ಕಾನ
ಬಾಣಲೆಯವರೇ, ಕಥೆ ಚಂದ. ಆದರೆ ನೀವು ಎಲ್ಲ ಜೀನನ್ನೂ ಕಳ್ಳ ಮಾಡುತ್ತಿದ್ದೀರಿ. ಕ್ಯಾನ್ಸರಿನಲ್ಲಿ ಮೀಥೈಲ್ ಮುದ್ರೆ ಇಡೀ ಡಿಎನ್‌ಎಯಲ್ಲೇ ಅಳಿಸಿಹೋಗ್ತದೆ. ಆಗ ನೂರಾರು ಬಾಗಿಲು ಒಟ್ಟಿಗೆ ತೆರೀತವೆ. ಅದರಲ್ಲಿ ಸುಮಾರು ಜೀನುಗಳು ಸುಮ್ಮನೆ ಬಸ್ಸಿನಲ್ಲಿ ಕೂತ ಪ್ರಯಾಣಿಕರು, ಸ್ಟಿಯರಿಂಗ್ ಹಿಡಿದವರಲ್ಲ. ಗಡ್ಡೆಯಲ್ಲಿ ಕಂಡಿತು ಅಂದರೆ ಗಡ್ಡೆ ಮಾಡಿದ್ದು ಅಂತ ಆಗುವುದಿಲ್ಲ.

ಲ್ಯಾಬಿನ_ಬಾಣಲೆ
ಒಪ್ಪಿದೆ. ಅದಕ್ಕೇ ಒಂದೊಂದನ್ನೇ ಕೆಳಗಿಳಿಸಿ ಬಸ್ಸು ನಿಲ್ತದಾ ಅಂತ ನೋಡುವುದು. ಹಣ್ಣಿನ ನೊಣದಲ್ಲಿ ಇದನ್ನು ಚೊಕ್ಕ ಮಾಡಿ ತೋರಿಸಿದರು. ಒಂದು ಜೀನು ಕೆಟ್ಟರೆ ಮರಿಹುಳದ ಮೆದುಳಿನಲ್ಲಿ ಗಡ್ಡೆ ಬರ್ತದೆ, ಆ ಗಡ್ಡೆಯಲ್ಲಿ ಮೊಟ್ಟೆ-ವೀರ್ಯದ ಜೀನುಗಳು ತೆರೆದಿರ್ತವೆ. ಅವುಗಳಲ್ಲಿ ಕೆಲವನ್ನು ಪುನಃ ಮುಚ್ಚಿದಾಗ ಗಡ್ಡೆ ಬೆಳೆಯುವುದು ನಿಂತಿತು. 2010ರಲ್ಲಿ ಬಾರ್ಸಿಲೋನಾದವರು ಮಾಡಿದ ಕೆಲಸ. ಅಷ್ಟಾದರೂ ಕೆಲವಕ್ಕೆ ಸ್ಟಿಯರಿಂಗ್ ಉಂಟು.

ತರ್ಕಶಾಸ್ತ್ರಿ_ಬೋವಿಕ್ಕಾನ
ನೊಣ ಬೇರೆ, ಮನುಷ್ಯ ಬೇರೆ. ಆದರೂ ಎಸ್‌ಎಸ್‌ಎಕ್ಸ್ ಅಂಟಿನ ವಿಷಯದಲ್ಲಿ ನನಗೆ ತಕರಾರಿಲ್ಲ. ಅದು ಡ್ರೈವರೇ.

ಅಡಿಕೆ_ಸುಲಿ
ಮೇಲೆ ಯಾರೋ ‘ಬಾಯಿ’ ಅಂದಿರಲ್ಲ, ಬಾಯಿ ಕ್ಯಾನ್ಸರಿನಲ್ಲೂ ಈ ಜೀನಾ? ಹಾಗಾದರೆ ಅಡಿಕೆಯ ಮೇಲೆ ಯಾಕೆ ಗೂಬೆ ಕೂರಿಸುವುದು? ವೃಷಣದ ಜೀನಿನ ಮೇಲೆ ಕೇಸು ಹಾಕಿ.

ಸ್ಲೈಡ್_ಅಕ್ಕ
ಅದು ಹಾಗಲ್ಲ. ಬಾಯಿಯ ಗಡ್ಡೆಗಳಲ್ಲಿ ಮೇಜ್ ಗುಂಪಿನ ಜೀನು ತೆರೆದದ್ದು ತುಂಬ ಸಲ ಕಾಣ್ತದೆ. ತೆರೆಯುವ ಸ್ಥಿತಿಗೆ ಕೋಶವನ್ನು ತಂದವರು ಯಾರು ಅನ್ನುವುದು ಬೇರೆ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಅಡಿಕೆಯನ್ನು, ಹೊಗೆಸೊಪ್ಪು ಇಲ್ಲದಿದ್ದರೂ, ಕ್ಯಾನ್ಸರ್‌ಕಾರಕ ಅಂತ ಮೊದಲ ಗುಂಪಿಗೆ ಹಾಕಿದ್ದು 2004ರಲ್ಲಿ.

ಅಡಿಕೆ_ಸುಲಿ
ನನ್ನ ಅಜ್ಜ 91 ವರ್ಷ ಕವಳ ಜಗಿದ. ಅವನಿಗೆ ಎಂತ ಆಗಿದೆ?

ಉಪ್ಪಳ_ಗೇಟ್
ನಿಮ್ಮ ಅಜ್ಜನಿಗೆ ಎಂತ ಆಗಲಿಲ್ಲ. ನನ್ನ ಅಪ್ಪನಿಗೆ ಕೆನ್ನೆ ತೆಗೆದರು.

ಮಂಜೇಶ್ವರ_ಮೇಲ್
ಅಡಿಕೆಗೆ ಬೇರೆ ಥ್ರೆಡ್ ಉಂಟು, ಅಲ್ಲಿ ಹೊಡೆದಾಡಿ.

ಕುಂಬಳೆ_ಕಿಟ್ಟ
ನನಗೆ ಒಂದು ಮಜಾ ಕಂಡದ್ದು. ವೃಷಣ, ವೃಷಣ ಅಂತ ಇಷ್ಟು ಸಲ ಬರೆದಿರಿ, ನಮ್ಮೂರಿನವ ‘ಬೀಜ’ ಅಂತಲೇ ಹೇಳುವುದು. ಬಾಣಲೆಯವರ ಬಿತ್ತಿನ ಮುಡಿಗೆ ಅದೇ ಸರಿ ಹೊಂದುವುದು.

ಪೆರ್ಲದ_ಮಾಷ್ಟ್ರು
ನಿಜ ಹೇಳಬೇಕಾದರೆ ನಾನು ಕ್ಲಾಸಿನಲ್ಲಿ ಒಮ್ಮೆ ಬೀಜ ಅಂದು ಹಿಂದಿನ ಬೆಂಚು ಅರ್ಧ ಗಂಟೆ ಸುಮ್ಮನಾಗಲಿಲ್ಲ. ಆದರೆ ನಾನಾದರೂ ಕನ್ನಡದಲ್ಲಿ ಹೇಳಿದೆ. ಈಗ ಕನ್ನಡ ಮಾಧ್ಯಮದ ಮಕ್ಕಳಿಗೆ ಕನ್ನಡ ಬಾರದವರು ಬಂದು ಜೀವಶಾಸ್ತ್ರ ಮಾಡುವ ಶಾಲೆಗಳುಂಟು. ವೃಷಣ ಮಲಯಾಳದಲ್ಲೂ ವೃಷಣವೇ, ಅಲ್ಲಿ ತೊಂದರೆ ಇಲ್ಲ. ‘ಕೋಶ ಇಬ್ಭಾಗ ಆಗುವುದು ಹೇಗೆ’ ಅಂತ ಮಗು ಕೇಳಿದರೆ ಉತ್ತರ ಯಾವ ಭಾಷೆಯಲ್ಲಿ ಕೊಡುವುದು? ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಇದೇ ಹಾಡು.

ಕಟ್ಟೆ_ಪಂಚಾಯ್ತಿ
ಇದೊಂದಕ್ಕೆ ನನ್ನ ಲೈಕು, ಮಾಷ್ಟ್ರೇ. ಭಂಡಾರದ್ದನ್ನು ಮರೆತಿಲ್ಲ.

ಹಸಿರು_ಮದ್ದು
ನಮಸ್ತೆ. ಬೀಜದ ಕೋಶವೇ ದಾರಿ ತಪ್ಪಿ ಕ್ಯಾನ್ಸರ್ ಆಗುವುದು ಅಂತ ಜಾನ್ ಬಿಯರ್ಡ್ ಎಂಬ ವಿಜ್ಞಾನಿ ನೂರು ವರ್ಷದ ಹಿಂದೆಯೇ ಹೇಳಿದ್ದಾರೆ. ಎನ್‌ಜೈಮ್ ಮಾತ್ರೆಯಲ್ಲಿ ಗುಣ ಆಗುತ್ತದೆ, ಆಪರೇಷನ್ ಬೇಡ. ನನಗೆ ಮೆಸೇಜ್ ಮಾಡಿ.

ಲ್ಯಾಬಿನ_ಬಾಣಲೆ
ಬಿಯರ್ಡ್ ಎಡಿನ್‌ಬರೋದ ಭ್ರೂಣಶಾಸ್ತ್ರಜ್ಞ, 1902ರಲ್ಲಿ ಹಾಗೆ ಹೇಳಿದ್ದು ಹೌದು. ಕ್ಯಾನ್ಸರ್ ಕೋಶ ಗರ್ಭದ ಮಾಸಿನ ಕೋಶದ ಹಾಗೆ ನಡಕೊಳ್ತದೆ ಅನ್ನುವ ಹೋಲಿಕೆಯಲ್ಲಿ ಒಂದು ಹುರುಳಿತ್ತು, ಈ ಜೀನುಗಳಲ್ಲಿ ಕೆಲವು ಮಾಸಿನಲ್ಲೂ ತೆರೆದಿರ್ತವೆ. ಅವರ ಎನ್‌ಜೈಮ್ ಮದ್ದು ಮಾತ್ರ ನಿಲ್ಲಲಿಲ್ಲ. ಮಾತ್ರೆ ಮಾರುವವರು ಬೇರೆ ಕಡೆ ಹೋಗಿ.

ಉಪ್ಪಳ_ಗೇಟ್
ರಿಪೋರ್ಟ್ ಹೊಡೆದಿದ್ದೇನೆ. 24 ವರ್ಷದ ಹುಡುಗಿಗೆ ‘ಆಪರೇಷನ್ ಬೇಡ’ ಅಂತೆ. ನಾಚಿಕೆ ಇಲ್ಲದವ.

ಹೊಸದುರ್ಗ_ಕೋಟೆ
ನನ್ನದೊಂದು ಪ್ರಶ್ನೆ. ವೃಷಣದಲ್ಲಿ ಮಾತ್ರ ಇರಬೇಕಾದ್ದು ಗಡ್ಡೆಯಲ್ಲಿ ಕಂಡರೆ, ಅದನ್ನೇ ಗುರುತು ಇಟ್ಟುಕೊಂಡು ಹೊಡೆಯಬಹುದಲ್ಲವಾ?

ಲ್ಯಾಬಿನ_ಬಾಣಲೆ
ಈ ಜೀನುಗಳು ಹೆಸರಿಗೆ ಬಂದದ್ದೇ ಆ ಆಸೆಯಿಂದ. ಮೊದಲನೆಯದ್ದು, ಮೇಜ್-ಎ1, ಸಿಕ್ಕಿದ್ದು 1991ರಲ್ಲಿ ಬ್ರಸೆಲ್ಸ್‌ನಲ್ಲಿ, ತಿಯರಿ ಬೂನ್ ಅವರ ತಂಡಕ್ಕೆ. ಮೆಲನೋಮಾ ಇದ್ದ ಒಬ್ಬ ರೋಗಿಯ ಬಿಳಿರಕ್ತಕೋಶಗಳು ಗಡ್ಡೆಯಲ್ಲಿ ಎಂತದ್ದನ್ನು ನೋಡಿ ಕೊಲ್ತವೆ ಅಂತ ಹುಡುಕುವಾಗ.

ವೃಷಣಕ್ಕೆ ಅಪಾಯ ಇಲ್ಲವಾ ಅಂದರೆ, ವೀರ್ಯಾಣುವಾಗುವ ಕೋಶ ತನ್ನೊಳಗಿನ ತುಣುಕನ್ನು ಹೊರಗೆ ಎತ್ತಿ ತೋರಿಸುವುದಿಲ್ಲ, ತೋರಿಸಲಿಕ್ಕೆ ಬೇಕಾದ ಎಚ್‌ಎಲ್‌ಎ ಅನ್ನುವ ತಟ್ಟೆಯೇ ಅದರ ಮೈಮೇಲೆ ಇರುವುದಿಲ್ಲ. ಕಾವಲುಗಾರನಿಗೆ ಕಾಣದ್ದನ್ನು ಕಾವಲುಗಾರ ಹೊಡೆಯುವುದಿಲ್ಲ. ಗಡ್ಡೆಯಲ್ಲಾದರೆ ಕಾಣ್ತದೆ.

ಲೆಕ್ಕ ಸುಲಭ, ದಾರಿ ಕಷ್ಟ. ಮೇಜ್-ಎ3 ಮೇಲೆ ಲಸಿಕೆ ಮಾಡಿ, ಶ್ವಾಸಕೋಶದ ಕ್ಯಾನ್ಸರ್ ಆಪರೇಷನ್ ಆದ ಎರಡು ಸಾವಿರಕ್ಕೂ ಹೆಚ್ಚು ಜನರಲ್ಲಿ ನೋಡಿದರು, ಪ್ರಯೋಜನ ಕಾಣಲಿಲ್ಲ. ಇನ್ನೊಂದು ಪ್ರಯೋಗದಲ್ಲಿ ಮೇಜ್-ಎ3 ಗುರುತಿಸುವ ಹಾಗೆ ಟಿ-ಕೋಶ ಅನ್ನುವ ಬಿಳಿರಕ್ತಕೋಶಗಳನ್ನು ಹರಿತ ಮಾಡಿ ಕೊಟ್ಟರು. ಅವು ಹೃದಯದ ಸ್ನಾಯುವಿನ ಟೈಟಿನ್ ಅನ್ನುವ ಪ್ರೋಟೀನನ್ನೂ ಅದೇ ಅಂತ ತಿಳಿದು ಹೊಡೆದವು. ಇಬ್ಬರು ತೀರಿಕೊಂಡರು. 2013ರಲ್ಲಿ ಅದು ಪ್ರಕಟವಾಯ್ತು.

ಆಮೇಲೆ ಗೆದ್ದ ಒಂದು ಕಡೆ ಯಾವುದು ಗೊತ್ತುಂಟಾ? ಇದೇ ಸೈನೋವಿಯಲ್ ಸಾರ್ಕೋಮಾ. ಇದರಲ್ಲಿ ಮೇಜ್-ಎ4 ಅನ್ನುವ ಇನ್ನೊಂದು ವೃಷಣದ ಜೀನೂ ಹೆಚ್ಚಾಗಿ ತೆರೆದಿರ್ತದೆ. ಅದನ್ನು ಹುಡುಕಿ ಹೊಡೆಯುವ ಟಿ-ಕೋಶದ ಚಿಕಿತ್ಸೆಗೆ, ಅಫಾಮಿ-ಸೆಲ್ ಅಂತ, ಅಮೆರಿಕದಲ್ಲಿ 2024ರ ಆಗಸ್ಟಿನಲ್ಲಿ ಒಪ್ಪಿಗೆ ಸಿಕ್ಕಿತು. 44 ಜನರಲ್ಲಿ ನೋಡಿದ್ದು, ನೂರಕ್ಕೆ 40ರ ಹತ್ತಿರ ಜನರಲ್ಲಿ ಗಡ್ಡೆ ಕುಗ್ಗಿತು.

ನೀರ್ಚಾಲು_ಮಾಮ
ಅದು ಇವಳಿಗೆ ಆಗ್ತದಾ? ಎಷ್ಟು ಆಗ್ತದೆ? ತೋಟ ಮಾರಲಿಕ್ಕೂ ತಯಾರಿದ್ದೇನೆ.

ಸ್ಲೈಡ್_ಅಕ್ಕ
ಅಣ್ಣ, ನಿಲ್ಲಿ. ತೋಟಕ್ಕೆ ಕೈ ಹಾಕಬೇಡಿ. ಅದು ಆಪರೇಷನ್ ಮಾಡಲಾಗದ ಅಥವಾ ಬೇರೆ ಕಡೆ ಹರಡಿದ, ಕೀಮೋ ಕೊಟ್ಟಾದ ರೋಗಿಗಳಿಗೆ. ಎಚ್‌ಎಲ್‌ಎ-ಎ2 ಬಗೆಯವರಾಗಿರಬೇಕು, ಮೇಜ್-ಎ4 ಇರಬೇಕು. ಬೆಲೆ ಏಳು ಲಕ್ಷ ಡಾಲರಿಗೂ ಮೇಲೆ. ನಿಮ್ಮ ರಿಪೋರ್ಟ್ ತೆಗೆಯುವ ಮೊದಲು ನಾನು ಓದಿದೆ. ಎದೆಯ ಸ್ಕ್ಯಾನ್ ಚೊಕ್ಕ ಉಂಟು, ಎಲ್ಲಿಗೂ ಹರಡಿಲ್ಲ. ಇವಳಿಗೆ ಈಗ ಬೇಕಾದದ್ದು ಸಾರ್ಕೋಮಾ ಮಾಡಿ ಅಭ್ಯಾಸ ಇರುವ ಸರ್ಜನ್, ಆಮೇಲೆ ಅವರು ಹೇಳಿದ ಹಾಗೆ ರೇಡಿಯೇಷನ್, ಬೇಕಾದರೆ ಕೀಮೋ. ಗಂಟನ್ನು ಸುತ್ತಲಿನ ಒಳ್ಳೆ ಮಾಂಸದ ಸಮೇತ ಒಂದೇ ತುಂಡಾಗಿ ತೆಗೆಯಬೇಕು. ಅದೊಂದನ್ನು ಕೇಳಿ ಖಚಿತ ಮಾಡಿಕೊಳ್ಳಿ. ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿನಲ್ಲಿ ಇನ್ನೊಂದು ಅಭಿಪ್ರಾಯ ಕೇಳುವುದಾದರೆ ಸ್ಲೈಡ್ ಮತ್ತು ಬ್ಲಾಕ್ (ಮೇಣದಲ್ಲಿ ಕೂರಿಸಿಟ್ಟ ಗಂಟಿನ ತುಂಡು) ಎರಡನ್ನೂ ಲ್ಯಾಬಿನಿಂದ ಕೇಳಿ ತೆಗೆದುಕೊಂಡು ಹೋಗಿ. ಬರೀ ಕಾಗದ ಸಾಕಾಗುವುದಿಲ್ಲ.

ಹೊಸದುರ್ಗ_ಕೋಟೆ
ಮುಂಬೈಯ ಐಐಟಿ-ಟಾಟಾದವರು ಮಾಡಿದ ಕಾರ್-ಟಿ ಅನ್ನುವ ಟಿ-ಕೋಶದ ಚಿಕಿತ್ಸೆ ಇದಲ್ಲವಾ?

ಲ್ಯಾಬಿನ_ಬಾಣಲೆ
ಅಲ್ಲ, ಅದು ರಕ್ತದ ಕೆಲವು ಕ್ಯಾನ್ಸರಿಗೆ. ಗುರುತು ಬೇರೆ.

ಚೆರ್ಕಳ_ಸರ್ಕಲ್
ನಾನು ಇಲ್ಲಿ ಓದುವುದು ಮಾತ್ರ, ಬರೆಯುವವನಲ್ಲ. ಆದರೆ ಇದು ನನ್ನದೇ ಕಥೆ. 2019ರ ಕೊನೆಗೆ ತೊಡೆಯಲ್ಲಿ ಇದೇ ಗಂಟು, ಇದೇ ಹೆಸರು. ಕಾಲು ಉಳಿಸಿಯೇ ತೆಗೆದರು. ರೇಡಿಯೇಷನ್ ನಡುವೆ ಇರುವಾಗ 2020ರ ಮಾರ್ಚ್, ಕೊರೊನಾ ಅಂತ ತಲಪಾಡಿಯಲ್ಲಿ ಕರ್ನಾಟಕದ ಗಡಿ ಬಂದ್. ರಸ್ತೆಗೆ ಮಣ್ಣು ಹಾಕಿದ್ದರು. ಆ ಕಡೆ ಹತ್ತು ಮೈಲಿಯಲ್ಲಿ ನನ್ನ ಮೆಷಿನು, ಈ ಕಡೆ ನಾನು. ಉಳಿದದ್ದನ್ನು ಕಣ್ಣೂರಿನ ಕಡೆ ಹೋಗಿ ಮುಗಿಸಿದೆ. ಈಗ ಆರು ತಿಂಗಳಿಗೊಮ್ಮೆ ಎದೆಯ ಸ್ಕ್ಯಾನ್, ಅಷ್ಟೇ. ತೆಂಗಿನಮರ ಹತ್ತುವುದಿಲ್ಲ, ಬೈಕ್ ಬಿಡ್ತೇನೆ. ನನ್ನ ರಿಪೋರ್ಟಿನಲ್ಲೂ ಎಸ್‌ಎಸ್‌ಎಕ್ಸ್ ಇತ್ತು, ಯಾರೂ ‘ನಿನ್ನಲ್ಲಿ ಗಂಡಿನ ಜೀನು ಉಂಟಂತೆ’ ಅಂತ ಮಾತಾಡಲಿಲ್ಲ. ಹುಡುಗಿ ಆದ್ದರಿಂದ ಅಲ್ಲವಾ ಈ ಮಾತೆಲ್ಲ?

ಉಪ್ಪಳ_ಗೇಟ್
👏

ನೀರ್ಚಾಲು_ಮಾಮ
ಚೆರ್ಕಳದ ಅಣ್ಣ, ನಿಮ್ಮ ನಂಬರ್ ಮೆಸೇಜಿನಲ್ಲಿ ಕಳಿಸಿ. ಅವಳು ಮಾತಾಡಬೇಕು ಅಂತಿದ್ದಾಳೆ.

ಒಂದು ಅಪ್‌ಡೇಟ್. ನಿನ್ನೆ ಸಂಜೆ ಅಮ್ಮನ ಎದುರು ಕೂತು ಇದನ್ನೆಲ್ಲ ಓದಿ ಹೇಳಿದೆ. ಅಮ್ಮ ನಾಲ್ಕನೇ ಕ್ಲಾಸು. ಅಡಿಕೆ ಸುಲೀತಾ ಕೇಳ್ತಾ ಇದ್ದರು. ಎಕ್ಸ್, ವೈ ಹೇಗೆ ಅಂತ ಎರಡು ಸಲ ಕೇಳಿದರು, ನಾನು ಅಡಿಕೆ ಸಿಪ್ಪೆಯ ಮೇಲೆ ಪೆನ್ನಿನಲ್ಲಿ ಬರೆದು ತೋರಿಸಿದೆ. ಗಂಡು ಹುಡುಗನಿಗೆ ವೈ ಅಪ್ಪನಿಂದ, ಎಕ್ಸ್ ಅಮ್ಮನಿಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮೆಟ್ಟುಕತ್ತಿ ಬದಿಗಿಟ್ಟು ಹೇಳಿದರು: ‘ಹಾಗಾದರೆ ಆ ಜೀನು ನಿನಗೆ ಕೊಟ್ಟದ್ದು ನಾನಲ್ಲವಾ? ಗಂಡಸರದ್ದು ಅಂತ ಹೇಳುವುದು ಎಂತಕ್ಕೆ?’

ಭಾವನ ಅಕ್ಕನಿಗೆ ಫೋನ್ ಮಾಡಿ ಅದನ್ನೇ ಹೇಳಿದ್ದಾರೆ. ನಾನು ಹೇಳಿಸಿದ್ದಲ್ಲ.

ಸ್ಲೈಡ್_ಅಕ್ಕ
ಅಮ್ಮನಿಗೆ ನಮಸ್ಕಾರ ಹೇಳಿ. ಈ ಮಾತು ನನಗೆ ಇಷ್ಟು ವರ್ಷ ಹೊಳೆದಿರಲಿಲ್ಲ.

ಪೆರ್ಲದ_ಮಾಷ್ಟ್ರು
ನನಗೂ. 31 ವರ್ಷ.

ಕುಂಬಳೆ_ಕಿಟ್ಟ
ಆಪರೇಷನ್ ಯಾವತ್ತು ಅಣ್ಣ? ನಾನು ಓ ಪಾಸಿಟಿವ್. ಬುಧವಾರ ಬಿಟ್ಟು ಯಾವತ್ತೂ ಬರ್ತೇನೆ.